ಮೊಮ್ಮಗಳ ಕಿಡ್ನಿಗೆ ಬೀಗರು ಹುರಳಿ ತಿನ್ನಿಸಿದ್ದು

ನಮ್ಮ ಮೊಮ್ಮಗಳ ಕಿಡ್ನಿಯಲ್ಲಿ ಇನ್ನೂ ಬೇಕಾದಷ್ಟು ಕಸುವು ಉಳಿದಿದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ. ಡಾಕ್ಟರಮ್ಮ ಫೋನು ಮಾಡಿ ಈ ಸುದ್ದಿ ತಿಳಿಸಿ ತಿಂಗಳ ಮೇಲಾಯಿತು, ನನ್ನ ಬಾಯಿ ಇನ್ನೂ ದಣಿದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಗೆ ಹೇಳಿದೆ, ರಾಮದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ನಿಮ್ಮ ಮಾತಿಗೆ ಅಂಜಿ ಪಾಪ ಆ ಹೆಣ್ಣುಮಗಳು ತನ್ನ ಊರು ಬರುವ ಮೊದಲೇ ಇಳಿದುಹೋಗಿರಬೇಕು ಎಂದು ಸೊಸೆ ನಗುತ್ತಾಳೆ. ನಗಲಿ. ಸೊಸೆ ಹೀಗೆ ನಕ್ಕು ಎಷ್ಟು ದಿನವಾಗಿತ್ತು.

ನನ್ನ ಮಗನಿಗೆ ಇವಳೊಬ್ಬಳೇ ಮಗಳು. ಒಂಬತ್ತು ತುಂಬಿ ಹತ್ತರಲ್ಲಿ ನಡೆದಿದೆ. ಸೊಸೆಯ ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನಿಂಗ್ ಮಾಡಿದವರು ಕೂಸಿಗೆ ಒಂದೇ ಕಿಡ್ನಿ ಕಾಣುತ್ತದೆ ಎಂದಿದ್ದರು. ಹುಟ್ಟಿದ ಮೇಲೆ ನೋಡಿದರೂ ಒಂದೇ. ಉಳಿದವರಿಗೆಲ್ಲ ಎರಡೆರಡು ಇರುತ್ತವೆ ಎಂಬುದೇ ನನಗೆ ಅವತ್ತು ಗೊತ್ತಾದದ್ದು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಷ್ಟರೊಳಗೆ ಪಾಠ ಕಿಡ್ನಿಯ ತನಕ ಬಂದಿರಲಿಲ್ಲ.

ಒಂದೇ ಇದ್ದರೂ ಮುಪ್ಪಿನವರೆಗೆ ಚೆನ್ನಾಗಿ ಬಾಳಿದವರು ಬೇಕಾದಷ್ಟು ಜನ ಇದ್ದಾರೆ ಎಂದು ಡಾಕ್ಟರರು ಆಗಲೇ ಧೈರ್ಯ ಹೇಳಿದ್ದರು. ಹುಡುಗಿಯೂ ಹಾಗೆಯೇ ಬೆಳೆದಳು. ಗಿಡ ಏರುವವಳು, ಓಣಿಯ ಹುಡುಗರಿಗೆ ಕಲ್ಲು ಬೀರುವವಳು, ಕುಂತಲ್ಲಿ ಕೂರದವಳು. ವರ್ಷಕ್ಕೊಮ್ಮೆ ರಕ್ತ ಕೊಟ್ಟು ಮೂತ್ರ ಕೊಟ್ಟು ತಪಾಸಣೆ ಮಾಡಿಸಿಕೊಂಡು ಬರುತ್ತಿದ್ದೆವು. ಎಲ್ಲ ಸರಿ ಇದೆ ಎನ್ನುತ್ತಿದ್ದರು. ನನಗೆ ಆ ಮಾತು ಸಾಕಾಗುತ್ತಿತ್ತು. ಸೊಸೆಗೆ ಸಾಲುತ್ತಿರಲಿಲ್ಲ. ಇವತ್ತು ಸರಿ ಇದೆ, ಇವಳು ದೊಡ್ಡವಳಾಗಿ ಮದುವೆಯಾಗಿ ಬಾಣಂತಿಯಾಗುವ ಹೊತ್ತಿಗೂ ಸರಿ ಇರುತ್ತದೆಯೇ ಎಂದು ಕೇಳುತ್ತಿದ್ದಳು. ಅದಕ್ಕೆ ಯಾರೂ ನೆಟ್ಟಗೆ ಉತ್ತರ ಕೊಡುತ್ತಿರಲಿಲ್ಲ. ಸಾಲಹಳ್ಳಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಕಿಡ್ನಿ ಕೆಟ್ಟು, ಮಷೀನಿನಲ್ಲಿ ರಕ್ತ ತೊಳೆಸಿಕೊಳ್ಳಲು ವಾರ ವಾರ ಹೋಗಿಬರುತ್ತಿದ್ದರು. ಅವರನ್ನು ಮಾತಾಡಿಸಿ ಬಂದ ದಿನದಿಂದ ಸೊಸೆಯ ಮನಸ್ಸಿನಲ್ಲಿ ಆ ಮಷೀನು ಕುಳಿತುಬಿಟ್ಟಿತ್ತು. ಹುಡುಗಿ ಮುಖ ಬಾಡಿಸಿಕೊಂಡು ಸಾಲಿಯಿಂದ ಬಂದರೆ ಸಾಕು, ಇವಳು ಅವಳ ಕಾಲು ಬಾತಿದೆಯೇ ಎಂದು ಒತ್ತಿ ನೋಡುತ್ತಿದ್ದಳು.

ಕಳೆದ ವರ್ಷ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿ ನೋಡುವ ಡಾಕ್ಟರಮ್ಮ ಸಿಕ್ಕರು. ತವರು ಬೈಲಹೊಂಗಲದ ಕಡೆ, ಮಾತು ನಮ್ಮಂಥದೇ. ಸೊಸೆ ತನ್ನ ಹಳೆಯ ಪ್ರಶ್ನೆಯನ್ನೇ ಅವರ ಮುಂದೆ ಇಟ್ಟಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಮ್ಮ ಕಡೆ ತಿರುಗಿ ಕುಳಿತರು.

“ನೀವು ವರ್ಷಾ ಮಾಡಸೂ ತಪಾಸಣಿ ಕಿಡ್ನಿ ಇವತ್ತ ಎಷ್ಟು ಕೆಲಸ ಮಾಡತೈತಿ ಅಂತ ಹೇಳತೈತಿ. ಇನ್ನೂ ಎಷ್ಟು ಮಾಡೂ ತಾಕತ್ತು ಅದರಾಗ ಉಳದೈತಿ ಅಂತ ಹೇಳೂದಿಲ್ಲ. ಅದನ್ನ ತಿಳ್ಕೋಬೇಕಂದ್ರ ಅದಕ್ಕ ಒಮ್ಮಿಗೇ ಜಾಸ್ತಿ ಕೆಲಸಾ ಕೊಟ್ಟು ನೋಡಬೇಕು.”

ಅದರ ರೀತಿಯನ್ನೂ ಬಿಡಿಸಿ ಹೇಳಿದರು. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಕಿಡ್ನಿ ಎಷ್ಟು ಸೋಸುತ್ತದೆ ಎಂದು ಅಳೆಯುತ್ತಾರೆ. ಆಮೇಲೆ ಪ್ರೋಟೀನು ತುಂಬಿದ ಆಹಾರ ಒಮ್ಮೆಗೇ ಕೊಡುತ್ತಾರೆ. ಪ್ರೋಟೀನು ಬಂದು ಬಿದ್ದರೆ, ಕಸುವಿರುವ ಕಿಡ್ನಿ ತಾನಾಗಿಯೇ ಸೋಸುವ ವೇಗ ಏರಿಸುತ್ತದೆ. ಮತ್ತೆ ಅಳೆದು, ಎಷ್ಟು ಏರಿತು ಎಂದು ನೋಡುತ್ತಾರೆ. ಚೆನ್ನಾಗಿ ಏರಿದರೆ ಮುಂದಿನ ದಿನಗಳಿಗೆ ಗಂಟು ಉಳಿದಿದೆ ಎಂದು ಅರ್ಥ. ಏರದಿದ್ದರೆ ಅದು ಈಗಲೇ ತನ್ನ ಬಲವನ್ನೆಲ್ಲ ಖರ್ಚು ಮಾಡುತ್ತಿದೆ, ಮುಂದೆ ದಣಿಯಬಹುದು, ಇಂದಿನಿಂದಲೇ ಔಷಧಿ ಪಥ್ಯ ಎಲ್ಲ ಹುಷಾರಾಗಿ ನೋಡಬೇಕು. ಇದು ದೇವರ ವಾಕ್ಯವಲ್ಲ, ಎಲ್ಲರಿಗೂ ಮಾಡುವ ತಪಾಸಣೆಯೂ ಅಲ್ಲ, ಆದರೂ ಮುಂದಿನ ದಾರಿ ಒಂದಿಷ್ಟು ಕಾಣುತ್ತದೆ ಎಂದರು.

ನನಗೆ ರೊಟ್ಟಿ ಬಡಿಯುವ ಹೆಂಗಸು ಕಣ್ಣಮುಂದೆ ಬಂದಳು. ಮನೆಮಂದಿಗೆ ಬಡಿಯುತ್ತ ಕುಳಿತವಳಿಗೆ ಹೊರಗೆ ಬೀಗರು ಬಂದರು ಎಂದು ಕೂಗಿ ಹೇಳಿದರೆ ಆಕೆಯ ಕೈ ತಾನಾಗಿಯೇ ಜೋರಾಗುತ್ತದೆ. ಕೈಯಲ್ಲಿ ಬಲ ಇದ್ದರೆ ಮಾತ್ರ. ನಾನು ಇದನ್ನು ಹೇಳಿದೆ. ಡಾಕ್ಟರಮ್ಮ ಹೌದ್ರಿ ಅಮ್ಮಾರ, ಬರೋಬ್ಬರಿ ಐತಿ ಎಂದರು. ಅಲ್ಲಿಂದ ಹೊರಗೆ ಬರುವಾಗ ನಾನು ಸೊಸೆಗಿಂತ ನಾಲ್ಕು ಬೆರಳು ಎತ್ತರ ನಡೆದೆ.

ಪಥ್ಯದ ವಿಚಾರ ಹೇಳುವ ಹುಡುಗಿಯೊಬ್ಬಳು ನಮ್ಮನ್ನು ಬೇರೆ ಕೋಣೆಗೆ ಕರೆದು, ಪ್ರೋಟೀನಿಗೆ ಮಟನ್ ನಡೆಯುತ್ತದೆಯೇ, ಚಿಕನ್ ನಡೆಯುತ್ತದೆಯೇ ಎಂದು ಕೇಳಿದಳು. ನನ್ನ ಕೈ ಕೊರಳಲ್ಲಿದ್ದ ಲಿಂಗದ ಮೇಲೆ ಹೋಯಿತು. ಮೊಮ್ಮಗಳು ಮಾತ್ರ, ಚಿಕನ್ನು ಹ್ಯಾಂಗಿರತೈತ್ರಿ ಅಕ್ಕಾ ಎಂದು ಆಸೆಯಿಂದ ಕೇಳಿದಳು. ಆ ಹುಡುಗಿ ನನ್ನ ಮುಖ ನೋಡಿ, ನಿಮಗೆ ಹಾಲಿನ ಪ್ರೋಟೀನಿನ ಪುಡಿ ಕಲಸಿ ಕೊಡುತ್ತೇವೆ ಎಂದು ಮುಗಿಸಿದಳು. ಅಲ್ಲಿಯವರೆಗೆ ಮನೆಯಲ್ಲಿ ದಿನಾ ಏನು ತಿನ್ನುತ್ತಾಳೋ ಅದನ್ನೇ ತಿನ್ನಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದಳು.

ತಪಾಸಣೆಗೆ ದಸರಾ ಸೂಟಿ ಮುಗಿಯುವ ಹೊತ್ತನ್ನು ಗೊತ್ತು ಮಾಡಿದರು. ಸೂಟಿ ಎಂದ ಮೇಲೆ ಮೊಮ್ಮಗಳು ನಮ್ಮ ಮನೆಯಲ್ಲಿ ನಿಲ್ಲುವವಳಲ್ಲ. ಮುನವಳ್ಳಿಗೆ, ತಾಯಿಯ ತವರಿಗೆ ಓಡಿದಳು.

ಅಲ್ಲಿರುವವರು ನಮ್ಮ ಬೀಗರು, ಸೊಸೆಯ ತಂದೆ. ಅವರನ್ನು ಸ್ವಲ್ಪ ಹೇಳಲೇಬೇಕು. ಆಳು ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಹೊಲವಿದೆ, ಕಬ್ಬಿದೆ, ಆದರೆ ಅವರ ಜೀವ ಇರುವುದು ಶರ್ಯತ್ತಿನ ಎತ್ತುಗಳಲ್ಲಿ. ಬಂಡಿ ಓಡಿಸುವ ಪಂದ್ಯಕ್ಕೆ ನಮ್ಮಲ್ಲಿ ಶರ್ಯತ್ತು ಅನ್ನುತ್ತಾರೆ. ಅವರ ಜೋಡಿ ಸವದತ್ತಿಯಿಂದ ಕಿತ್ತೂರಿನ ತನಕ ಓಡದ ಊರಿಲ್ಲ ಎಂದು ಅವರೇ ಹೇಳುತ್ತಾರೆ. ಬೀಗರು ಬೀಗತಿಯರು ಕೂಡಿದರೆ ಕುಚೇಷ್ಟೆ ಇದ್ದದ್ದೇ. ಹುಡುಗಿಯನ್ನು ಬಿಡಲು ಹೋದ ದಿನವೇ ಶುರು ಮಾಡಿದರು.

“ಬೀಗತ್ಯಾರ, ಈ ಹುಡಿಗಿಗೆ ನಿಮ್ಮ ಮನ್ಯಾಗ ಏನ ಹಾಕ್ತೀರಿ? ನಮ್ಮ ಎತ್ತಿನ ಬಾಲ ಇಕಿಗಿಂತ ದಪ್ಪ ಐತಿ.”

“ನಿಮ್ಮ ಮಗಳು ಮಾಡಿದ್ದ ಹಾಕ್ತೇವ್ರಿ ಬೀಗರ. ಅಡಿಗಿ ಕಲಿಸಿ ಕಳಿಸಿದ್ರ ನಾವೂ ದಪ್ಪ ಆಗತಿದ್ವಿ” ಎಂದೆ. ಸೊಸೆ ಇಬ್ಬರನ್ನೂ ಕೆಕ್ಕರಿಸಿ ನೋಡಿದಳು. ಈ ಗದ್ದಲದಲ್ಲಿ ಸೂಟಿ ಮುಗಿಯುವಾಗ ಕಿಡ್ನಿಯ ತಪಾಸಣೆ ಇದೆ ಎಂದಷ್ಟೇ ಬೀಗರಿಗೆ ಹೇಳಿ ಬಂದೆವು.

ತಪಾಸಣೆಯ ದಿನ ಮಗ ಗೆಳೆಯನ ಕಾರು ತಂದ. ವೆಲ್ಡಿಂಗ್ ಅಂಗಡಿಗೆ ಬೀಗ ಹಾಕಿ, ಮುನವಳ್ಳಿಯಲ್ಲಿ ಮಗಳನ್ನು ಹತ್ತಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಎಲ್ಲರೂ ಬೆಳಗಾವಿಗೆ ಹೋದೆವು. ತಪಾಸಣೆ ಹುಡುಗಿಗೆ, ಉಪವಾಸ ನಮಗೂ. ಅವಳ ಮುಂದೆ ಹೇಗೆ ತಿನ್ನುವುದು? ರಕ್ತ ತೆಗೆದರು, ಮೂತ್ರ ಹಿಡಿದರು. ಪುಡಿ ಕಲಸಿದ ಲೋಟ ಕೊಟ್ಟರು. ಅದು ಸುಣ್ಣದ ನೀರಿನಂತೆ ಇದೆ ಎಂದು ಮೊಮ್ಮಗಳು ಮುಖ ಸಿಂಡರಿಸಿದಳು, ಆದರೂ ತಳ ಕಾಣುವವರೆಗೆ ಕುಡಿದಳು. ಆಮೇಲೆ ನೀರು ಕುಡಿಸಿ ಕುಡಿಸಿ, ಹೊತ್ತು ಹೊತ್ತಿಗೆ ಮೂತ್ರ ಹಿಡಿದು ಅಳೆಯುತ್ತಲೇ ಇದ್ದರು. ನನ್ನ ಮೂತ್ರಕ್ಕೆ ಇಷ್ಟು ಕಿಮ್ಮತ್ತು ಇದೆ ಅಂತ ನನಗೇ ಗೊತ್ತಿರಲಿಲ್ಲ ಎಂದಳು ಆ ತುಂಟಿ. ಹದಿನೈದು ದಿನದಿಂದ ಏನೇನು ತಿಂದಿ ಎಂದು ಪಥ್ಯದ ಹುಡುಗಿ ಕೇಳಿದಾಗ ಮಾತ್ರ ಒಂದೇ ಮಾತು: ರೊಟ್ಟಿ, ಪಲ್ಯ.

ಫಲ ಕೇಳಲು ಸೊಸೆ, ನಾನು ಇಬ್ಬರೇ ಹೋದೆವು. ಡಾಕ್ಟರಮ್ಮ ಕಂಪ್ಯೂಟರನ್ನು ನೋಡಿ ಹೇಳಿದರು. ಖಾಲಿ ಹೊಟ್ಟೆಯಲ್ಲಿಯೇ ಅವಳ ಕಿಡ್ನಿ ಜೋರಾಗಿ ಸೋಸುತ್ತಿತ್ತಂತೆ. ಪುಡಿ ಕುಡಿದ ಮೇಲೆ ಅದು ಹೆಚ್ಚೇನೂ ಏರಿರಲಿಲ್ಲ. ಮೇಲಕ್ಕೆ ಹೋಗಲು ಜಾಗ ಕಡಿಮೆ ಕಾಣುತ್ತದೆ, ಆದರೆ ಒಂದೇ ತಪಾಸಣೆಯ ಮೇಲೆ ನಾನು ತೀರ್ಮಾನ ಹೇಳುವುದಿಲ್ಲ, ಮತ್ತೊಮ್ಮೆ ನೋಡೋಣ ಎಂದರು. ಸೊಸೆಯ ಕಿವಿಗೆ ಹಿಂದಿನ ಮಾತು ಬಿತ್ತು, ಮುಂದಿನದು ಬೀಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಬೈಲಹೊಂಗಲ ದಾಟಿದ ಮೇಲೆ, ಅತ್ತಿ, ನನ್ನ ಕಿಡ್ನಿ ಆಕಿಗೆ ಹೊಂದತೈತೇನ್ರಿ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ತಂದೆಗೆ ಹೇಳಿ ಹೋಗೋಣವೆಂದು ಮುನವಳ್ಳಿಯಲ್ಲಿ ಇಳಿದೆವು. ಬೀಗರು ದನದ ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದರು. ಸೊಸೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವರು ಕೇಳಿ ಕೈಯಲ್ಲಿದ್ದದ್ದನ್ನು ನೆಲಕ್ಕೆ ಒಗೆದರು.

“ಇದು ಆಗಾಕ ಸಾಧ್ಯನ ಇಲ್ಲ. ಮುಂಜಾನಿ ಸಂಜಿ ಕುದಿಸಿದ ಹುರಳಿ ತಿನಸೇನಿ. ಮೊಳಕಿ ಹೆಸರು ತಿನಸೇನಿ. ಎಮ್ಮಿ ಹಾಲು, ಪನೀರು, ಶೇಂಗಾ, ಒಂದ ದಿನಾನೂ ತಪ್ಪಿಸಿಲ್ಲ. ಶರ್ಯತ್ತಿನ ಜೋಡಿಗೂ ಇಷ್ಟು ಜ್ವಾಕಿ ಮಾಡಿಲ್ಲ ನಾ.”

ಸೊಸೆ ಬೆರಗಾಗಿ ನೋಡಿದಳು. ಇದೆಲ್ಲ ನಮಗ್ಯಾಕೆ ಹೇಳಲಿಲ್ಲ ಎಂದು ಕೇಳಿದಳು.

“ಹೆಂಗ ಹೇಳ್ಲಿ? ಓಟದ ಮುಂದ ಎತ್ತಿಗೆ ಏನ ತಿನಸೇವಿ ಅಂತ ಹೊರಗ ಬಾಯಿ ಬಿಟ್ರ ದಿಟ್ಟಿ ತಾಗತೈತಿ. ಅಪ್ಪನ ಕಾಲದಿಂದ ನಾವು ಹೇಳಿಲ್ಲ. ಹುಡಿಗಿ ಕಡಿಂದನೂ ಎತ್ತು ಮುಟ್ಟಿಸಿ ಆಣಿ ಮಾಡಿಸೇನಿ.”

“ಬೀಗರ, ಅದು ಎತ್ತಲ್ಲ, ನನ್ನ ಮೊಮ್ಮಗಳು” ಎಂದೆ. ನನ್ನ ಧ್ವನಿ ಸ್ವಲ್ಪ ಬಿರುಸಾಗಿಯೇ ಬಂದಿರಬೇಕು.

“ನನಗೂ ಮೊಮ್ಮಗಳ ರೀ ಬೀಗತ್ಯಾರ” ಎಂದರು ಅವರು. ಅಷ್ಟು ದೊಡ್ಡ ಮೀಸೆ ನಡುಗಿದ್ದನ್ನು ಅವತ್ತು ನೋಡಿದೆ.

ಒಂದು ಕಿಡ್ನಿಯ ಹುಡುಗಿಗೆ ಯಾರೋ ಪರೀಕ್ಷೆ ಇಟ್ಟಿದ್ದಾರೆ. ಆ ಪರೀಕ್ಷೆಯಲ್ಲಿ ಅವಳು ಸೋಲಬಾರದು. ಬೀಗರಿಗೆ ತಿಳಿದದ್ದು ಇಷ್ಟು. ಓಟದ ಮುಂದೆ ತಿನ್ನಿಸಿ ತಯಾರು ಮಾಡುವುದನ್ನು ಅವರಷ್ಟು ಬಲ್ಲವರು ಆ ಭಾಗದಲ್ಲಿ ಇರಲಿಲ್ಲ. ಬಲ್ಲದ್ದನ್ನು ಮಾಡಿದ್ದರು. ಸೊಸೆ ಮಾತ್ರ ಏನನ್ನೋ ಹಿಡಿದವಳಂತೆ ಫೋನು ತೆಗೆದು ಅಂಗಳಕ್ಕೆ ಹೋದಳು. ದಿನಾ ತಿನ್ನುವುದನ್ನೇ ತಿನ್ನಲಿ ಎಂದು ಪಥ್ಯದ ಹುಡುಗಿ ಎರಡು ಸಲ ಹೇಳಿದ್ದು ಅವಳಿಗೆ ನೆನಪಾಗಿತ್ತು. ಡಾಕ್ಟರಮ್ಮನೇ ಮಾತಾಡಿದರು. ಹುರಳಿ ಎನ್ನುವ ಮಾತು ಕೇಳಿ ಆ ಕಡೆ ನಕ್ಕದ್ದು ಇತ್ತ ನಮಗೂ ಕೇಳಿಸಿತು. ಮುಂದಿನ ಸಲ ಬರುವಾಗ ಹುರಳಿ ತಿನ್ನಿಸಿದ ಆ ಮುತ್ಯಾನನ್ನೂ ಕರೆದುಕೊಂಡು ಬರಬೇಕೆಂದು ಹೇಳಿದರಂತೆ.

ಬೀಗರು ತಲೆಗೆ ಹೊಸ ಪಟಕ ಸುತ್ತಿಕೊಂಡು ಬಂದರು. ಆಸ್ಪತ್ರೆಯ ಕುರ್ಚಿಯಲ್ಲಿ ತುದಿಗೆ ಕುಳಿತಿದ್ದರು, ಬೈಗುಳ ತಿನ್ನಲು ಬಂದವರ ಹಾಗೆ. ಡಾಕ್ಟರಮ್ಮ ಬೈಯಲಿಲ್ಲ, ಎತ್ತಿನ ಮಾತನ್ನೇ ತೆಗೆದರು.

“ಮುತ್ಯಾ, ನಿಮ್ಮ ಎತ್ತಿಗೆ ಎಷ್ಟು ಓಟ ಐತಿ ಅಂತ ನೋಡಬೇಕಂದ್ರ ಎಲ್ಲಿಂದ ಬಿಡ್ತೀರಿ?”

“ನಿಂತಲ್ಲಿಂದ ಬಿಡಬೇಕ್ರಿ.”

“ಮೊದಲ ಜೋರಾಗಿ ಓಡಾಕತ್ತಿದ್ದ ಎತ್ತಿಗೆ ಬಾರಕೋಲ ತೋರಿಸಿದ್ರ?”

“ಇನ್ನೆಷ್ಟು ಓಡೀತ್ರಿ ಅದು. ಓಡೂದೆಲ್ಲ ಓಡಾಕತ್ತಿರತೈತಿ” ಎಂದ ಬೀಗರು ಅಲ್ಲಿಗೇ ನಿಂತರು. ಮುಂದಿನದನ್ನು ಡಾಕ್ಟರಮ್ಮ ಹೇಳಬೇಕಾಗಲಿಲ್ಲ. ದಿನಗಟ್ಟಲೆ ಹುರಳಿ ಹಾಲು ಪನೀರು ತಿಂದ ಹುಡುಗಿಯ ಕಿಡ್ನಿ, ತಪಾಸಣೆಗೆ ಬರುವ ಮೊದಲೇ ಓಟದಲ್ಲಿತ್ತು. ಪುಡಿ ಕುಡಿಸಿದಾಗ ಅದು ಇನ್ನೆಷ್ಟು ಏರೀತು. ನನ್ನ ರೊಟ್ಟಿಯ ಲೆಕ್ಕದಲ್ಲಿ ಹೇಳುವುದಾದರೆ, ಮದುವೆ ಮನೆಯ ರೊಟ್ಟಿ ಬಡಿಯುತ್ತಿರುವವಳ ಹತ್ತಿರ ಹೋಗಿ ಬೀಗರು ಬಂದರು ಜೋರು ಮಾಡು ಎಂದ ಹಾಗೆ. ಹಾಗಾದರೆ ಕಸುವು ಇದೆಯೇ ಎಂದು ಸೊಸೆ ಕೇಳಿದಳು. ಇರಬಹುದು, ಇಲ್ಲದಿರಲೂಬಹುದು, ಮನೆಯ ಊಟದಲ್ಲಿ ಕೆಲವು ವಾರ ಇಟ್ಟು ಮತ್ತೆ ನೋಡಿದರೆ ಮಾತ್ರ ತಿಳಿಯುತ್ತದೆ ಎಂದರು ಡಾಕ್ಟರಮ್ಮ. ಆಸೆಯನ್ನೂ ಕೊಟ್ಟರು, ಅದಕ್ಕೆ ಹಗ್ಗವನ್ನೂ ಕಟ್ಟಿದರು.

ಆ ಕೆಲವು ವಾರಗಳನ್ನು ನಾವು ಹೇಗೆ ಕಳೆದೆವೋ. ಮೊಮ್ಮಗಳಿಗೇನೂ ಇಲ್ಲ, ಆಣೆಯಿಂದ ಬಿಡುಗಡೆಯಾದದ್ದೇ ಅವಳಿಗೆ ದೊಡ್ಡ ಸಂತೋಷ. ಹುರಳಿಯ ಮುಖ ಇನ್ನು ಜನ್ಮದಲ್ಲಿ ನೋಡುವುದಿಲ್ಲ ಎಂದಳು. ಮನೆಯಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು, ಅಷ್ಟೇ. ನಡುವೆ ಒಂದು ದಿನ ಬೀಗರು ತಡೆಯಲಾರದೆ ನಮ್ಮೂರು ಸುರೇಬಾನಕ್ಕೆ ಬಂದರು. ಕೈಯಲ್ಲಿ ಒಂದು ಚೀಲ. ಸೊಸೆ ಬಾಗಿಲಲ್ಲೇ ನಿಂತು, ಅಪ್ಪಾ ಚೀಲ ಬಿಚ್ಚಿ ತೋರಿಸು ಎಂದಳು. ತಪಾಸಣೆ ನಾಕಾದಲ್ಲಿ ಸಿಕ್ಕ ಲಾರಿಯವನಂತೆ ಅವರು ಚೀಲ ಬಿಚ್ಚಿದರು. ಒಳಗಿದ್ದದ್ದು ಮೊಮ್ಮಗಳಿಗೆ ತಂದ ಚಪ್ಪಲಿ. ಅವತ್ತು ನಾವು ನಕ್ಕ ನಗೆಗೆ ಪಕ್ಕದ ಮನೆಯವರು ಬಂದು ಇಣುಕಿದರು. ಒಳಗೊಳಗೆ ಎಲ್ಲರಿಗೂ ಅಂಜಿಕೆ ಇದ್ದೇ ಇತ್ತು. ನಗುವಾಗಲೂ ಸೊಸೆ ಮಗಳ ಬೆನ್ನಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ.

ಎರಡನೆಯ ಸಲವೂ ಅದೇ ಕೋಣೆ, ಅದೇ ಸುಣ್ಣದ ನೀರು. ಈ ಸಲ ಏನು ತಿಂದಿ ಎಂದು ಕೇಳಿದ್ದಕ್ಕೆ ಮೊಮ್ಮಗಳು, ಸಾಲಿಯ ಹೊರಗೆ ಕೊಂಡು ತಿಂದ ಹುಣಸೆಹಣ್ಣಿನ ತನಕ ಎಲ್ಲವನ್ನೂ ಒಪ್ಪಿಸಿದಳು. ಬೀಗರು ಹೊರಗೆ ಬೆಂಚಿನ ಮೇಲೆ ಕುಳಿತು, ಬಂದು ಹೋಗುವ ನರ್ಸುಗಳಿಗೆಲ್ಲ ನೀರು ಸಾಕೇನ್ರಿ, ಇನ್ನಷ್ಟು ತರ್ಲೇನ್ರಿ ಎಂದು ಕೇಳುತ್ತಿದ್ದರು.

ಫೋನು ಬಂದ ಮಧ್ಯಾಹ್ನ ನಾನು ಹಿತ್ತಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಸೊಸೆ ಫೋನು ಕಿವಿಗೆ ಹಿಡಿದುಕೊಂಡೇ ಹೊರಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕುಳಿತಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆಕೆ ಫೋನನ್ನು ನನ್ನ ಕೈಗೆ ಕೊಟ್ಟಳು.

“ಅಮ್ಮಾರ, ಈ ಸಲ ಛಲೋ ಏರೇತ್ರಿ” ಎಂದರು ಡಾಕ್ಟರಮ್ಮ. “ನಿಮ್ಮ ರೊಟ್ಟಿ ಬಡಿಯಾಕಿ ಕೈಯಾಗ ಇನ್ನೂ ಬಲಾ ಐತಿ.”

ಇನ್ನೊಮ್ಮೆ ಹೇಳ್ರಿ ಎಂದೆ. ಅವರು ಇನ್ನೊಮ್ಮೆ ಹೇಳಿದರು. ಖಾಲಿ ಹೊಟ್ಟೆಯಲ್ಲಿ ಶಾಂತವಾಗಿ ನಡೆಯುತ್ತಿದ್ದ ಕಿಡ್ನಿ, ಕೆಲಸ ಬಿದ್ದ ಕೂಡಲೇ ಒಂದಿಷ್ಟೂ ತಡವರಿಸದೆ ಮೇಲೆ ಹೋಯಿತಂತೆ. ಮುಂದೆ ಬಹಳ ವರ್ಷ ಬಾಳುವ ಲಕ್ಷಣ ಕಾಣುತ್ತದೆ ಎಂದರು. ವರ್ಷಕ್ಕೊಮ್ಮೆ ತೋರಿಸುವುದನ್ನು ಬಿಡಬಾರದು, ನೀರು ಚೆನ್ನಾಗಿ ಕುಡಿಯಬೇಕು, ಉಪ್ಪು ಹಿಡಿತದಲ್ಲಿರಬೇಕು, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಬಾರದು. ಉಳಿದಂತೆ ಮನೆಮಂದಿ ತಿನ್ನುವುದನ್ನು ತಿನ್ನಲಿ, ಆಡಲಿ, ಓಡಲಿ ಎಂದರು. ನಾನು ಎಲ್ಲದಕ್ಕೂ ಹೂಂ ಎಂದೆ. ಹೂಂ ಎನ್ನುತ್ತ ಎನ್ನುತ್ತ ಬಿಡಿಸಿದ ಸೊಪ್ಪಿನ ಮೇಲೆಯೇ ಕುಳಿತುಬಿಟ್ಟಿದ್ದೆ. ಅದು ಆಮೇಲೆ ಗೊತ್ತಾಯಿತು.

ಮಗ ಅಂಗಡಿ ಅರ್ಧಕ್ಕೆ ಬಿಟ್ಟು ಬಂದ. ಅವನು ಮಾತು ಕಡಿಮೆಯವನು. ಸಾಲಿಗೆ ಹೋಗಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ತುಂಬ ನಡೆದು ಬಂದ. ಹತ್ತು ವರ್ಷದ ಹುಡುಗಿ, ಕಾಲು ಅವನ ಸೊಂಟದ ತನಕ ಜೋತಾಡುತ್ತಿದ್ದವು. ಅಪ್ಪಾ ಇಳಸು, ಗೆಳತ್ಯಾರು ನಗತಾರು ಎಂದು ಅವಳು ತಲೆಗೆ ಗುದ್ದುತ್ತಿದ್ದಳು. ಮುನವಳ್ಳಿಗೆ ನಾನೇ ಫೋನು ಹಚ್ಚಿದೆ. ಬೀಗರು, ಸಂಜೆಯ ಬಸ್ಸಿಗೆ ಬರುತ್ತೇವೆ, ಅಡುಗೆ ಚೆನ್ನಾಗಿರಲಿ ಎಂದು ಹೇಳಿ ಇಟ್ಟುಬಿಟ್ಟರು.

ಚೆನ್ನಾಗಿಯೇ ಮಾಡಿದೆವು. ಸೊಸೆ ಹೂರಣ ಅರೆದಳು, ನಾನು ಎಣ್ಣೆಗಾಯಿಗೆ ಬದನೆಕಾಯಿ ಸೀಳಿದೆ. ಸೊಸೆಯ ತಾಯಿ, ನಮ್ಮ ಬೀಗತಿಯವರು ಬಂದವರೇ ಸೀರೆಯ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸಿದರು. ಹೊತ್ತು ಮುಳುಗುವಾಗ ಪಡಸಾಲೆಯಲ್ಲಿ ಎದುರು ಬದುರು ಚಾಪೆ ಹಾಸಿದೆವು. ನಮ್ಮಲ್ಲಿ ಗಂಡಸರದು ಮುಗಿದ ಮೇಲೆ ಹೆಂಗಸರು ಉಣ್ಣುವುದು ರೂಢಿ. ಅವತ್ತು ಮಗ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ಎಲ್ಲಾರೂ ಕುಂದರ್ರಿ, ಬೇಕಾದ್ದು ಕೈಲೆ ಹಾಕ್ಕೋರಿ ಎಂದ. ಹಾಗೆಯೇ ಕುಳಿತೆವು. ಹೋಳಿಗೆಯ ಮೇಲೆ ತುಪ್ಪ ಹರಿಯಿತು, ಕಟ್ಟಿನ ಸಾರು ಕೈಯಿಂದ ಕೈಗೆ ಹೋಯಿತು. ಮೊಮ್ಮಗಳು ಮುತ್ಯಾನ ಪಕ್ಕಕ್ಕೆ ಕುಳಿತು, ಸಾಲಿಯಲ್ಲಿ ಯಾರು ಯಾರಿಗೆ ಹೊಡೆದರು ಎಂಬ ಕಥೆಯನ್ನು ಬಾಯಿತುಂಬ ತುತ್ತಿಟ್ಟುಕೊಂಡೇ ಹೇಳುತ್ತಿದ್ದಳು. ನುಂಗಿ ಮಾತಾಡು ಎಂದು ಸೊಸೆ ಗದರಿದಳು. ಗದರಿ, ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು, ತನ್ನ ತಾಟಿಗೂ ಒಂದು ಹಾಕಿಕೊಂಡಳು.